ಕೈತಪ್ಪಲ್ಲ, ಕೈಗುಣ

ಕುಕಿಯ ಫೋಟೊ ತೆಗೆಯುವವರಿಗೆ ಓರೆ ಬೆಳಕೇ ಬಂಡವಾಳ. ಕಿಟಕಿ ಪಕ್ಕ ಇಟ್ಟರೆ ಮೇಲಿನ ಬಿರುಕು, ಕೆಂಪಗೆ ಬೆಂದ ಅಂಚು ಎದ್ದು ಕಾಣುತ್ತವೆ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಎಲ್ಲ ಚಪ್ಪಟೆ. ಓವನ್‌ನಿಂದ ತೆಗೆದ ಬಿಸಿಯಲ್ಲೇ ಮೇಲೆ ನಾಲ್ಕು ಚಾಕೊಲೇಟ್ ಚೂರು ಒತ್ತಿ, ನಡುವೆ ಮುರಿದು, ಕರಗಿದ್ದು ಎಳೆಯಾಗಿ ಇಳಿಯುವಾಗ ಕ್ಲಿಕ್ಕಿಸುತ್ತಾರೆ. ಇಂಥ ಚಿತ್ರಗಳನ್ನು ನೋಡಿ ನೋಡಿ, ಚಾಕೊಲೇಟ್ ಚಿಪ್ ಕುಕಿ ಎಂದರೆ ಅಂಗೈಯಗಲದ ಮೆತ್ತನೆಯ ತಿನಿಸು ಎಂದೇ ನಂಬಿದ್ದೇವೆ.

ಅದನ್ನು ಲೋಕಕ್ಕೆ ಕೊಟ್ಟ ರೂತ್ ವೇಕ್‌ಫೀಲ್ಡ್ ಅವರ ಕುಕಿ ಪುಟ್ಟದು, ಗರಿಗರಿಯಾದದ್ದು. 1938ರ ಅವರ ಅಡುಗೆ ಪುಸ್ತಕದಲ್ಲಿ ಅದರ ಹೆಸರು ‘ಚಾಕೊಲೇಟ್ ಕ್ರಂಚ್ ಕುಕಿ’. ಒಂದೊಂದಕ್ಕೆ ಅರ್ಧ ಟೀ ಚಮಚ ಹಿಟ್ಟು ಸಾಕು. ಒಮ್ಮೆ ಕಲಸಿದರೆ ನೂರು ಕುಕಿ. ಬೆಣ್ಣೆ, ಕಂದು ಸಕ್ಕರೆ, ಬಿಳಿ ಸಕ್ಕರೆ, ಮೊಟ್ಟೆ, ಮೈದಾ. ಸೋಡಾವನ್ನು ಬಿಸಿನೀರಿನಲ್ಲಿ ಕದಡಿ ಹಾಕಬೇಕು. ಚಾಕೊಲೇಟನ್ನು ಬಟಾಣಿ ಗಾತ್ರಕ್ಕೆ ಕತ್ತರಿಸಬೇಕು. ತಮ್ಮಲ್ಲಿ ಹಿಟ್ಟನ್ನು ರಾತ್ರಿಯಿಡೀ ತಣ್ಣಗಿಡುತ್ತೇವೆ ಎಂದು ಮುಂದಿನ ಆವೃತ್ತಿಯಲ್ಲಿ ಸೇರಿಸಿದರು. ಅಳತೆಯಲ್ಲಿ ಇಷ್ಟು ಕಟ್ಟುನಿಟ್ಟಾದ ಅಡುಗೆಯವರು ಅವರು.

ಹಾಗಿದ್ದೂ ಜನ ಹೇಳುವ ಕಥೆಯೇ ಬೇರೆ: ಅಂದು ಬೇಕಿಂಗ್ ಚಾಕೊಲೇಟ್ ಮುಗಿದಿತ್ತಂತೆ, ಕರಗೀತೆಂದು ಬೇರೆ ಚಾಕೊಲೇಟಿನ ಚೂರು ಹಾಕಿದರಂತೆ, ಅದು ಕರಗಲೇ ಇಲ್ಲವಂತೆ. 1924ರಲ್ಲೇ ಗೃಹವಿಜ್ಞಾನ ಓದಿ ಮುಗಿಸಿ, ಆಹಾರತಜ್ಞೆಯಾಗಿ ದುಡಿದಿದ್ದವರಿಗೆ ಚಾಕೊಲೇಟಿನ ಗುಣ ತಿಳಿಯದೇ? 1930ರಲ್ಲಿ ಗಂಡ ಕೆನೆತ್ ಜೊತೆ ಮ್ಯಾಸಚೂಸೆಟ್ಸ್‌ನ ವಿಟ್‌ಮನ್ ಊರಿನಲ್ಲಿ ಟೋಲ್ ಹೌಸ್ ಇನ್ ತೆರೆದವರು ಅವರು. ಅಲ್ಲಿ ಐಸ್‌ಕ್ರೀಮಿನೊಂದಿಗೆ ಬಡಿಸುತ್ತಿದ್ದ ತೆಳು ಬಟರ್‌ಸ್ಕಾಚ್ ಕುಕಿ ಎಲ್ಲರಿಗೂ ಇಷ್ಟವಾಗಿದ್ದರೂ, ಹೊಸದೇನಾದರೂ ಕೊಡಬೇಕೆಂದು ಹುಡುಕಿ ಇದನ್ನು ಮಾಡಿದ್ದಾಗಿ ರೂತ್ ಅವರೇ ಹೇಳಿದ್ದಾರೆ. ಗಂಡಸು ಕಂಡುಹಿಡಿದರೆ ಜಾಣ್ಮೆ, ಹೆಂಗಸು ಕಂಡುಹಿಡಿದರೆ ಅದೃಷ್ಟ ಎನ್ನುವ ಹಳೆಯ ಲೆಕ್ಕವೇ ಈ ಕಥೆಯನ್ನು ಇಷ್ಟು ಕಾಲ ಸಾಕಿದೆ.

1939ರಲ್ಲಿ ಪಾಕವಿಧಾನವನ್ನು ಪೊಟ್ಟಣದ ಮೇಲೆ ಅಚ್ಚು ಹಾಕುವ ಹಕ್ಕು ನೆಸ್ಲೆ ಕಂಪನಿಗೆ ಹೋಯಿತು. ಬೆಲೆ ಒಂದೇ ಡಾಲರ್ ಎಂಬ ಮಾತಿದೆ. ಅದೇ ಕಂಪನಿ ಕತ್ತರಿಸುವ ಶ್ರಮವಿಲ್ಲದ ಚಿಪ್ಸ್ ತಂದಿತು. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಮನೆಯವರು ಕಳಿಸಿದ ಪಾರ್ಸೆಲ್‌ಗಳಲ್ಲಿ ಕುಕಿ ಕಡಲು ದಾಟಿತು.

ರೂತ್ 1977ರಲ್ಲಿ ತೀರಿಕೊಂಡರು. 1984ರ ಕೊನೆಯ ರಾತ್ರಿ ಆ ಇನ್ ಸುಟ್ಟುಹೋಯಿತು. 1997ರಲ್ಲಿ ಮ್ಯಾಸಚೂಸೆಟ್ಸ್ ಈ ಕುಕಿಯನ್ನು ರಾಜ್ಯದ ಕುಕಿಯೆಂದು ಘೋಷಿಸಿತು. ಗೌರವ ತಿನಿಸಿಗೆ ಸಿಕ್ಕಿತು. ಅದನ್ನು ಮಾಡಿದವರ ಪಾಲಿಗೆ ಕೈತಪ್ಪಿನ ಕಥೆಯೇ ಉಳಿದಿದೆ. ಕ್ಯಾಮೆರಾ ಹಿಡಿದವರು ಒಮ್ಮೆಯಾದರೂ ಆ ಅರ್ಧ ಚಮಚದ ಕುಕಿಯನ್ನೇ ಬೇಯಿಸಿ ಚಿತ್ರ ತೆಗೆಯಲಿ. ಕೆಳಗೆ ರೂತ್ ವೇಕ್‌ಫೀಲ್ಡ್ ಎಂದು ಬರೆಯಲಿ.