ಫ್ಯೂಜಿ ಶಿಖರದ ಏರುದಾರಿ: ಒಂದು ಐತಿಹಾಸಿಕ ವಿವೇಚನೆ

ಪರ್ವತಾರೋಹಣವೆಂದೊಡನೆ ದೇಹಬಲ, ಧೈರ್ಯ, ಹವೆ ಇವುಗಳನ್ನು ಕುರಿತು ಯೋಚಿಸುವುದು ವಾಡಿಕೆ. ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ: ಶಿಖರವನ್ನೇರುವ ಅಧಿಕಾರ ಯಾವ ಕಾಲದಲ್ಲಿ ಯಾರಿಗೆ ಇದ್ದಿತು? ಅದನ್ನು ಕೊಡುವವರು ಯಾರಾಗಿದ್ದರು? ಜಪಾನಿನ ಫ್ಯೂಜಿ ಪರ್ವತಕ್ಕೆ ಉತ್ತರ ದಿಕ್ಕಿನಿಂದ ಏರುವ ಯೋಶಿದಾ ದಾರಿಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ದಾರಿಯ ಸ್ವರೂಪವನ್ನು ತಿಳಿಯೋಣ. ಫ್ಯೂಜಿ ಒಂದು ಜ್ವಾಲಾಮುಖಿ. ಇದರ ಎತ್ತರ 3776 ಮೀಟರ್. ಲಾವಾರಸವೂ ಬೂದಿಯೂ ಪದರಪದರವಾಗಿ ಬಿದ್ದು ಬೆಳೆದ ಬೆಟ್ಟವಾದುದರಿಂದ ಬುಡದಲ್ಲಿ ಇಳಿಜಾರು ಸೌಮ್ಯವಾಗಿದ್ದು, ಮೇಲೆ ಹೋದಂತೆಲ್ಲ ಕಡಿದಾಗುತ್ತದೆ. ದಾರಿಯನ್ನು ಹತ್ತು ಘಟ್ಟಗಳಾಗಿ ವಿಭಾಗಿಸಿರುತ್ತಾರೆ. ಐದನೆಯ ಘಟ್ಟದವರೆಗೆ ಕಾಡು. ಅಲ್ಲಿಂದಾಚೆಗೆ ಮರಗಳು ಕುಳ್ಳಾಗಿ, ಕೊನೆಗೆ ಕೆಂಪು ಕಪ್ಪು ಬಣ್ಣದ ಸಡಿಲ ಕಲ್ಲುಪುಡಿಯೊಂದೇ ಉಳಿಯುತ್ತದೆ. ಇಟ್ಟ ಕಾಲು ಹಿಂದಕ್ಕೆ ಜಾರುವ ಈ ನೆಲದಲ್ಲಿ ನೇರವಾಗಿ ಏರುವುದು ಕಷ್ಟವಾದ ಕಾರಣ ದಾರಿಯು ಅಂಕುಡೊಂಕಾಗಿ ಸಾಗುತ್ತದೆ. ಶಿಖರದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಮೂರನೆಯ ಎರಡು ಭಾಗ ಮಾತ್ರ. ಅವಸರದಿಂದ ಏರಿದವರಿಗೆ ತಲೆನೋವು, ವಾಕರಿಕೆ ಬರುವುದಕ್ಕೆ ಇದೇ ಕಾರಣ.

ಪ್ರಾಚೀನ ಕಾಲದಲ್ಲಿ ಜನರು ಈ ಬೆಟ್ಟವನ್ನು ದೂರದಿಂದಲೇ ಪೂಜಿಸುತ್ತಿದ್ದರು. ಬೆಂಕಿಯುಗುಳುವ ದೈವವನ್ನು ಶಾಂತಗೊಳಿಸುವುದು ಅವರ ಅಪೇಕ್ಷೆ. ಕ್ರಿ.ಶ. 864ರಿಂದ 866ರವರೆಗೆ ನಡೆದ ಮಹಾಸ್ಫೋಟದಲ್ಲಿ ಹರಿದ ಲಾವಾ ಉತ್ತರದ ಒಂದು ದೊಡ್ಡ ಸರೋವರವನ್ನೇ ತುಂಡರಿಸಿತು. ಆದರೂ ಅದೇ ಶತಮಾನದಲ್ಲಿ ಮಿಯಾಕೊ ನೊ ಯೋಶಿಕಾ ಎಂಬ ವಿದ್ವಾಂಸನು ಶಿಖರದ ಮೇಲಿನ ಕುಳಿಯನ್ನು ವರ್ಣಿಸಿರುವುದರಿಂದ ಆಗಲೇ ಕೆಲವರು ಮೇಲೇರಿದ್ದರೆಂದು ಊಹಿಸಬಹುದು. ಹನ್ನೆರಡನೆಯ ಶತಮಾನದಲ್ಲಿ ಮತ್ಸುದಾಯಿ ಎಂಬ ಸನ್ಯಾಸಿಯು ಶಿಖರದಲ್ಲಿ ಬೌದ್ಧ ದೇಗುಲವೊಂದನ್ನು ಕಟ್ಟಿಸಿದನು. ಅಲ್ಲಿಂದ ಮುಂದೆ ಬಹುಕಾಲ ಈ ದಾರಿ ತಪಸ್ವಿಗಳ ಸೊತ್ತಾಗಿದ್ದಿತು.

ಸಾಮಾನ್ಯ ಜನರು ಇದನ್ನು ತಮ್ಮದಾಗಿಸಿಕೊಂಡುದು ಎದೊ ಯುಗದಲ್ಲಿ. 1707ರ ಡಿಸೆಂಬರ್ ತಿಂಗಳಲ್ಲಿ ಬೆಟ್ಟ ಕಡೆಯ ಬಾರಿಗೆ ಸ್ಫೋಟಿಸಿ, ಸುಮಾರು ನೂರು ಕಿಲೋಮೀಟರ್ ದೂರದ ಎದೊ ನಗರದ, ಎಂದರೆ ಇಂದಿನ ಟೋಕಿಯೋದ, ಮೇಲೂ ಬೂದಿ ಸುರಿಯಿತು. ಅದಾದ ಒಂದು ತಲೆಮಾರಿನೊಳಗೆ ಕ್ಷಾಮ ಬಂದಿತು. ಅಕ್ಕಿಯ ಬೆಲೆಯೇರಿ ನಗರದಲ್ಲಿ ದೊಂಬಿಯಾಯಿತು. ಆಗ, 1733ರಲ್ಲಿ, ಎಣ್ಣೆಯ ವ್ಯಾಪಾರಿಯಾಗಿದ್ದ ಜಿಕಿಗ್ಯೊ ಮಿರೊಕು ಎಂಬ ಭಕ್ತನು ಲೋಕದ ಕ್ಷೇಮವನ್ನು ಬಯಸಿ ಫ್ಯೂಜಿಯ ಮೇಲೆ ನಿರಶನವ್ರತ ಹಿಡಿದು ದೇಹತ್ಯಾಗ ಮಾಡಿದನು. ದುಡಿದು ಬಾಳುವ ಗೃಹಸ್ಥನಿಗೂ ಪರ್ವತದ ಅನುಗ್ರಹ ಉಂಟೆಂಬುದು, ಸ್ತ್ರೀಪುರುಷರಲ್ಲಿ ಮೇಲುಕೀಳಿಲ್ಲವೆಂಬುದು ಅವನ ಬೋಧೆಯ ಸಾರ.

ಈ ಬೋಧೆಯಿಂದ ‘ಕೋ’ ಎಂಬ ಭಕ್ತಸಂಘಗಳು ಎದೊ ನಗರದ ಬೀದಿಬೀದಿಗಳಲ್ಲಿ ಬೆಳೆದುವು. ಇವುಗಳ ವ್ಯವಸ್ಥೆ ನಮ್ಮಲ್ಲಿಯ ಚೀಟಿಯನ್ನು ನೆನಪಿಗೆ ತರುತ್ತದೆ. ಸದಸ್ಯರೆಲ್ಲರೂ ಅಷ್ಟಷ್ಟು ಹಣ ಕೂಡಿಸುವರು. ಪ್ರತಿ ವರ್ಷ ಚೀಟಿ ಎತ್ತಿ ಕೆಲವರನ್ನು ಆರಿಸಿ, ಎಲ್ಲರ ಪರವಾಗಿ ಯಾತ್ರೆಗೆ ಕಳುಹಿಸುವರು. ಒಬ್ಬನ ಗಳಿಕೆಯಿಂದ ಸಾಧ್ಯವಾಗದ ಯಾತ್ರೆ ಹತ್ತಾರು ಜನರ ಉಳಿತಾಯದಿಂದ ಸಾಧ್ಯವಾಯಿತು. ಬೆಟ್ಟದ ಬುಡದಲ್ಲಿ ‘ಓಶಿ’ ಎಂಬ ಪುರೋಹಿತರು ಯಾತ್ರಿಕರಿಗೆ ವಸತಿ, ಊಟ, ಪ್ರಾರ್ಥನೆ, ಮಾರ್ಗದರ್ಶಕ ಎಲ್ಲವನ್ನೂ ಒದಗಿಸುತ್ತಿದ್ದರು. ನಮ್ಮ ಕ್ಷೇತ್ರಗಳ ಪಂಡರಂತೆ ಇವರಿಗೂ ಇಂತಿಂಥ ಸಂಘದವರು ತಮ್ಮವರೆಂಬ ವಂಶಪಾರಂಪರ್ಯದ ಸಂಬಂಧವಿದ್ದಿತು. ದಾರಿಯಲ್ಲಿ ಸುಂಕವನ್ನೂ ತೆರಬೇಕಾಗಿತ್ತು. ಸಂಘಗಳ ಬೆಳವಣಿಗೆಯಿಂದ ಶಂಕೆಗೊಂಡ ಸರ್ಕಾರವು ಹಲವು ಬಾರಿ ನಿಷೇಧಾಜ್ಞೆ ಹೊರಡಿಸಿತಾದರೂ ಅವು ನಿಲ್ಲಲಿಲ್ಲ.

ಆದರೆ ಮಿರೊಕುವಿನ ಸಮತಾಬೋಧೆಯನ್ನು ದಾರಿ ಒಪ್ಪಿಕೊಂಡಿರಲಿಲ್ಲ. ಸ್ತ್ರೀಯರಿಗೆ ಸಾಮಾನ್ಯವಾಗಿ ಎರಡನೆಯ ಘಟ್ಟದಿಂದಾಚೆಗೆ ಪ್ರವೇಶವಿರಲಿಲ್ಲ. ಅರುವತ್ತು ವರ್ಷಗಳಿಗೊಮ್ಮೆ ಬರುವ ಪುಣ್ಯವರ್ಷದಲ್ಲಿ ಮಾತ್ರ ಈ ಕಟ್ಟು ಸ್ವಲ್ಪ ಸಡಿಲವಾಗುತ್ತಿದ್ದಿತು. ಇಂಥವರಿಗಾಗಿಯೂ, ವೃದ್ಧರು ಮತ್ತು ರೋಗಿಗಳಿಗಾಗಿಯೂ ಭಕ್ತರು ನಗರದೊಳಗೇ ಫ್ಯೂಜಿಯ ಲಾವಾಕಲ್ಲುಗಳನ್ನು ತಂದು ಪುಟ್ಟ ಗುಡ್ಡಗಳನ್ನು ರಚಿಸಿದರು. ಇವುಗಳಲ್ಲಿ ಮೊದಲನೆಯದು 1779ರಲ್ಲಿ ಸಿದ್ಧವಾಯಿತು. ಕೃತಕ ಗುಡ್ಡದಿಂದ ತೃಪ್ತರಾಗದವರೂ ಇದ್ದರು. 1832ರಲ್ಲಿ ತಕಯಾಮ ತತ್ಸು ಎಂಬಾಕೆ ಪುರುಷವೇಷ ಧರಿಸಿ, ತನ್ನ ಪಂಥದ ಗುರುವಿನೊಡನೆ ಶಿಖರವನ್ನು ಮುಟ್ಟಿದಳು. ದಾಖಲೆಯಲ್ಲಿ ಹೆಸರು ಉಳಿದಿರುವ ಮೊದಲ ಸ್ತ್ರೀ ಈಕೆಯೇ. 1860ರಲ್ಲಿ ಬ್ರಿಟಿಷ್ ರಾಯಭಾರಿ ರುದರ್ಫರ್ಡ್ ಆಲ್ಕಾಕ್ ಹಗಲು ಹೊತ್ತಿನಲ್ಲೇ, ರಾಜತಂತ್ರದ ಬಲದಿಂದ, ಬೆಟ್ಟವನ್ನೇರಿದನು. ಅದೇ ನಾಡಿನ ಹೆಣ್ಣುಮಕ್ಕಳಿಗೆ ಇಲ್ಲದಿದ್ದ ಹಕ್ಕು ಪರದೇಶದ ಪುರುಷನಿಗೆ ದೊರಕಿತೆಂಬುದು ಗಮನಾರ್ಹ. ಸ್ತ್ರೀನಿಷೇಧವನ್ನು ಮೇಜಿ ಸರ್ಕಾರವು ರದ್ದುಗೊಳಿಸಿದುದು 1872ರಲ್ಲಿ.

1964ರಲ್ಲಿ ಐದನೆಯ ಘಟ್ಟದವರೆಗೆ, ಎಂದರೆ ಸುಮಾರು 2300 ಮೀಟರ್ ಎತ್ತರದವರೆಗೆ, ಮೋಟಾರು ರಸ್ತೆಯಾಯಿತು. ಇದರಿಂದ ಏರುವವರ ಸಂಖ್ಯೆ ಬೆಳೆಯಿತು. ಆದರೆ ಓಶಿಗಳ ಮನೆಗಳೂ ಕಾಡಿನ ನಡುವಣ ಹಳೆಯ ಘಟ್ಟಗಳೂ ಬಹುಮಟ್ಟಿಗೆ ನಿರ್ಜನವಾದುವು. 2013ರಲ್ಲಿ ಯುನೆಸ್ಕೋ ಸಂಸ್ಥೆಯು ಫ್ಯೂಜಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದನ್ನು ನೈಸರ್ಗಿಕ ತಾಣವೆಂದು ಗಣಿಸದೆ ಸಾಂಸ್ಕೃತಿಕ ತಾಣವೆಂದೇ ಗಣಿಸಿತು. ಜನಸಂದಣಿ ಮಿತಿಮೀರಿದ ಕಾರಣ ಯೋಶಿದಾ ದಾರಿಯಲ್ಲಿ 2024ರಲ್ಲಿ 2000 ಯೆನ್ ಶುಲ್ಕವನ್ನೂ ದಿನಕ್ಕೆ 4000 ಜನರೆಂಬ ಮಿತಿಯನ್ನೂ ವಿಧಿಸಿ, ಐದನೆಯ ಘಟ್ಟದಲ್ಲಿ ದ್ವಾರವನ್ನಿಟ್ಟರು. 2025ರಲ್ಲಿ ಶುಲ್ಕ 4000 ಯೆನ್ ಆಯಿತು.

ಈ ದ್ವಾರವನ್ನು ಕಂಡು, ಎಲ್ಲರಿಗೂ ತೆರೆದಿದ್ದ ಬೆಟ್ಟವನ್ನು ಈಗ ಮುಚ್ಚಿದರೆಂದು ಕೆಲವರಿಗೆ ತೋರಬಹುದು. ಚರಿತ್ರೆ ಹಾಗೆ ಹೇಳುವುದಿಲ್ಲ. ಸುಂಕ, ಕಾವಲು, ಸರದಿ ಈ ದಾರಿಗೆ ಹಳೆಯವೇ. ಬದಲಾದುದು ತಡೆಯ ಆಧಾರ: ಹಿಂದೆ ಹುಟ್ಟನ್ನು ನೋಡಿ ತಡೆದರು, ಇಂದು ಎಣಿಕೆಯನ್ನು ನೋಡಿ ತಡೆಯುತ್ತಾರೆ. ಈ ಎರಡಕ್ಕೂ ಇರುವ ಅಂತರ ಅಲ್ಪವಲ್ಲ. ಆದರೂ ಶುಲ್ಕ ಏರುತ್ತಾ ಹೋದಲ್ಲಿ ಬಡವನ ಪಾಲಿಗೆ ಎಣಿಕೆಯೂ ಹುಟ್ಟಿನಷ್ಟೇ ಕಠಿನವಾದೀತು. ಅಂಥವನಿಗೆ ಹಿಂದೆ ನೆರವಾಗಿದ್ದ ಸಂಘಗಳು ಇಂದು ವಿರಳ. ತೀರ್ಥಗಳ, ಬೆಟ್ಟಗಳ, ಘಟ್ಟದ ದಾರಿಗಳ ಚರಿತ್ರೆಯನ್ನು ಬರೆಯಹೊರಟ ವಿದ್ಯಾರ್ಥಿಯು ಏರಿದವರ ಹೆಸರುಗಳೊಡನೆ, ಯಾವ ಘಟ್ಟದಲ್ಲಿ ಯಾರು ಹಿಂದಿರುಗಬೇಕಾಯಿತೆಂಬುದನ್ನೂ, ಯಾರ ಹಣದಿಂದ ಯಾರು ಮೇಲೇರಿದರೆಂಬುದನ್ನೂ ಗುರುತಿಸಿಕೊಳ್ಳುವುದು ಅವಶ್ಯಕ.