ಧನಿಕರ ವಿಮಾನವೂ ಅದರ ಸಾರಥಿಯೂ

ವಿಮಾನ ನಡೆಸುವವನೆಂದರೆ ಕೈತುಂಬ ಸಂಬಳ, ದೇಶಸಂಚಾರ, ಠೀವಿಯ ಉಡುಪು, ಇಷ್ಟೇ ನಮ್ಮ ಕಣ್ಣಿಗೆ ತೋರುವುದು. ಟಿಕೆಟ್ಟು ಕೊಂಡು ಏರುವ ವಿಮಾನಗಳ ಮಾತು ಹಾಗಿರಲಿ. ದೊಡ್ಡ ಕಂಪೆನಿಗಳು ತಮ್ಮ ಯಜಮಾನರ ಓಡಾಟಕ್ಕೆಂದೇ ಇರಿಸಿಕೊಂಡ ಸಣ್ಣ ಜೆಟ್ ವಿಮಾನಗಳಿವೆ. ಅಮೆರಿಕದಲ್ಲಿರುವಷ್ಟು ಅವು ಬೇರೆಲ್ಲಿಯೂ ಇಲ್ಲ. ಅವುಗಳ ಪೈಲಟ್ಟುಗಳ ಬಾಳುವೆಯನ್ನು ಕುರಿತು ವಾಚಕರಿಗೆ ನಾಲ್ಕು ಮಾತು ಹೇಳಬಯಸುತ್ತೇವೆ.

ಟಿಕೆಟ್ಟಿನ ವಿಮಾನದ ಪೈಲಟ್ಟಿಗೆ ಮುಂದಿನ ತಿಂಗಳ ಕೆಲಸದ ಪಟ್ಟಿ ಮೊದಲೇ ಕೈಸೇರುತ್ತದೆ. ಕಂಪೆನಿಯ ಪೈಲಟ್ಟಿಗೆ ಅನೇಕ ಕಡೆ ಟೆಲಿಫೋನೇ ಪಟ್ಟಿ. ಯಜಮಾನರು ಎಂದಾಗ ಹೊರಡಬೇಕು; ಅವರ ಸಭೆ ಮುಗಿಯುವ ತನಕ ಪರಸ್ಥಳದ ನಿಲ್ದಾಣದಲ್ಲಿ ಕಾಯಬೇಕು. ನಮ್ಮ ಕಡೆಯ ಸಾಹುಕಾರರ ಗಾಡಿಯಾಳು ಧಣಿಗಳ ನೆಂಟರ ಮನೆಯ ಜಗಲಿಯಲ್ಲಿ ಹೊತ್ತು ಕಳೆಯುತ್ತಿದ್ದುದು ಇಲ್ಲಿ ನೆನಪಿಗೆ ಬರುತ್ತದೆ. ಹವಾಮಾನ ನೋಡುವುದು, ಇಂಧನ ತುಂಬಿಸುವುದು ಸರಿಯೇ. ಚಿಕ್ಕ ಕಂಪೆನಿಗಳಲ್ಲಿ ಪೆಟ್ಟಿಗೆ ಹೊರುವುದು, ಕಾಫಿ ತಿಂಡಿ ಅಣಿಮಾಡುವುದು, ಎಲ್ಲರೂ ಇಳಿದ ಮೇಲೆ ಒಳಗನ್ನು ಗುಡಿಸುವುದೂ ಅವನ ಪಾಲಿಗೇ. ರಾತ್ರಿಯ ಊಟಕ್ಕೆ ಬರುವಿರಾ ಎಂದು ಮಡದಿ ಕೇಳಿದರೆ ಅವನಲ್ಲಿ ಉತ್ತರವಿಲ್ಲ.

ವರ್ಷಕ್ಕಿಷ್ಟೆಂದು ಸಂಬಳ ಗೊತ್ತಾಗಿ, ವರ್ಷದಲ್ಲಿ ಎಷ್ಟು ದಿನದ ದುಡಿಮೆಯೆಂಬುದು ಗೊತ್ತಾಗದಿದ್ದರೆ, ಆ ಸಂಬಳ ನ್ಯಾಯವಾದುದೋ ಅಲ್ಲವೋ ಹೇಳುವ ಬಗೆಯೆಂತು? ಮನೆಯಲ್ಲಿದ್ದರೂ ಕರೆಗೆ ಕಿವಿಗೊಟ್ಟು ಕುಳಿತ ದಿನವನ್ನು ರಜೆಯೆಂದು ಎಣಿಸುವುದು ನಮಗೆ ಒಪ್ಪಿತವಲ್ಲ. ಹೊಸ ಬಗೆಯ ವಿಮಾನದ ಶಿಕ್ಷಣಕ್ಕೆ ಹಣ ತೆತ್ತ ಕಂಪೆನಿ, ಇಂತಿಷ್ಟು ಕಾಲದೊಳಗೆ ಕೆಲಸ ಬಿಟ್ಟರೆ ಅದನ್ನು ಹಿಂದಿರುಗಿಸತಕ್ಕದ್ದೆಂದು ಪತ್ರ ಬರೆಯಿಸಿಕೊಳ್ಳುವುದೂ ಉಂಟು. ಇದು ಪೂರ್ತಿ ಅನ್ಯಾಯವೆನ್ನಲಾರೆವು; ಆದರೆ ಬೇಸತ್ತವನಿಗೆ ಅದು ಕಾಲಿನ ಸರಪಳಿಯೇ ಸರಿ.

ಇನ್ನು ಕಾನೂನು. ಅಮೆರಿಕದಲ್ಲಿ ಟಿಕೆಟ್ಟಿನ ವಿಮಾನಗಳ ಪೈಲಟ್ಟುಗಳಿಗೆ 2014ರಿಂದ ಕೆಲಸಕ್ಕೆ ಮುಂಚೆ 10 ಗಂಟೆಗಳ ವಿಶ್ರಾಂತಿ ಕಡ್ಡಾಯವಾಗಿದೆ. ಅದರಲ್ಲಿ 8 ಗಂಟೆ ನಿದ್ರೆಗೆ ಅವಕಾಶವಿರಬೇಕು. ಬಾಡಿಗೆಯ ವಿಮಾನಗಳಿಗೆ ಬೇರೆ ಮಿತಿಗಳಿವೆ. ತನ್ನ ವಿಮಾನದಲ್ಲಿ ತನ್ನವರನ್ನೇ ಒಯ್ಯುವ ಕಂಪೆನಿಗೆ ಮಾತ್ರ ಇಂಥ ಗಂಟೆಗಳ ಕಟ್ಟಿಲ್ಲ. ವಿವೇಕಿಗಳಾದ ಕಂಪೆನಿಯವರು ತಾವೇ ಮಿತಿಯನ್ನು ಹಾಕಿಕೊಂಡಿದ್ದಾರೆ, ನಿಜ; ಅದು ಅವರ ಸೌಜನ್ಯ, ಪೈಲಟ್ಟಿನ ಹಕ್ಕಲ್ಲ.

ಮಿತಿಯಿದ್ದಲ್ಲಿಯೂ ಆಯಾಸ ಏನು ಮಾಡಬಲ್ಲುದೆಂಬುದಕ್ಕೆ ನಿದರ್ಶನವುಂಟು. 2008ರ ಜುಲೈ 31ರಂದು ಮಿನೆಸೋಟ ಸಂಸ್ಥಾನದ ಓವಟೋನದಲ್ಲಿ ಬಾಡಿಗೆಯ ಜೆಟ್ಟೊಂದು ಒದ್ದೆಯಾದ ಓಡುದಾರಿಯಲ್ಲಿ ಇಳಿಯಿತು. ನಿಲ್ಲಲಾರದೆಂದು ಕಂಡು ಪೈಲಟ್ಟು ಮತ್ತೆ ಮೇಲಕ್ಕೆತ್ತಲು ಯತ್ನಿಸಿದನು, ಹೊತ್ತು ಮೀರಿತ್ತು. ಒಳಗಿದ್ದ ಎಂಟು ಮಂದಿಯೂ ಮಡಿದರು. ವಿಚಾರಣೆ ನಡೆಸಿದ ಸರ್ಕಾರಿ ಮಂಡಲಿಯು ಅಪಘಾತಕ್ಕೆ ನೆರವಾದ ಕಾರಣಗಳಲ್ಲಿ ಇಬ್ಬರು ಪೈಲಟ್ಟುಗಳ ಬಳಲಿಕೆಯನ್ನೂ ಸೇರಿಸಿತು.

ಉಪಾಯವಿಲ್ಲವೆಂದಲ್ಲ. ಒಂದು ವಿಮಾನವನ್ನು ಹಲವರು ಪಾಲಿನ ಮೇಲೆ ಕೊಳ್ಳುವ ಪದ್ಧತಿಯನ್ನು, ಇಂದು ನೆಟ್‌ಜೆಟ್ಸ್ ಎನಿಸಿಕೊಂಡಿರುವ ಕಂಪೆನಿ 1986ರಲ್ಲಿ ತೊಡಗಿತು. 1998ರಲ್ಲಿ ಅದು ವಾರೆನ್ ಬಫೆಟ್ಟರ ಬರ್ಕ್‌ಷೈರ್ ಹ್ಯಾಥವೇ ಸಂಸ್ಥೆಯ ವಶವಾಯಿತು. ಅಲ್ಲಿಯ ಪೈಲಟ್ಟುಗಳಿಗೆ ಸಂಘವುಂಟು; ಏಳು ದಿನ ದುಡಿದು ಏಳು ದಿನ ಮನೆಯಲ್ಲಿರುವ ಸರದಿಯೂ ಉಂಟು. ಇದೂ ಜಗಳವಿಲ್ಲದೆ ನಡೆದುಬಂದುದಲ್ಲ. 2015ರಲ್ಲಿ ಸಂಬಳ ಸವಲತ್ತುಗಳ ಮಾತುಕತೆ ಮುರಿದು, ಒಮಾಹಾ ನಗರದಲ್ಲಿ ಬರ್ಕ್‌ಷೈರಿನ ಪಾಲುದಾರರ ವಾರ್ಷಿಕ ಸಭೆಗೆ ಬರುವವರೆದುರು ಪೈಲಟ್ಟುಗಳು ಫಲಕ ಹಿಡಿದು ನಿಂತರು. ಆ ವರ್ಷದ ಕೊನೆಗೆ ಹೊಸ ಒಪ್ಪಂದವಾಯಿತು.

ಒಂದೇ ವಿಮಾನ, ಇಬ್ಬರೇ ಪೈಲಟ್ಟುಗಳಿರುವ ಕಂಪೆನಿಗಳಲ್ಲಿ ಫಲಕ ಹಿಡಿಯಲು ಜೊತೆಯವರೆಲ್ಲಿ? ಒಬ್ಬನಿಗೆ ಜ್ವರ ಬಂದರೂ ಬದಲಿಯವನನ್ನು ಹುಡುಕಬೇಕಾದ ಸ್ಥಿತಿ. ಮೂರನೆಯವನೊಬ್ಬನನ್ನು ನೇಮಿಸಿದರೆ ರಜೆ, ನಿದ್ರೆ, ಮನೆಯೂಟ ಮೂರೂ ಬಹುಮಟ್ಟಿಗೆ ಒದಗುತ್ತವೆ. ಕೋಟಿಗಟ್ಟಲೆ ಹಣ ಸುರಿದು ವಿಮಾನ ಕೊಂಡವರು ಈ ಒಂದು ಸಂಬಳಕ್ಕೆ ಏಕೆ ಹಿಂದೆಗೆಯುತ್ತಾರೋ ನಮಗೆ ತಿಳಿಯದು.