ಕತ್ತಲೆಕಾನಿನ ಜಡ್ಡಿ: ನೀರು ನಂಬಿದ ಎರಡು ಮರಗಳು

ಜೋಗದಿಂದ ಮಾವಿನಗುಂಡಿ ದಾಟಿ ಹೊನ್ನಾವರದತ್ತ ಘಟ್ಟ ಇಳಿಯುವ ಹೆದ್ದಾರಿಯ ಮಗ್ಗುಲಲ್ಲೇ ಕತ್ತಲೆಕಾನು ಇದೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿಗೆ ಸೇರಿದ, ಶರಾವತಿ ಕಣಿವೆಯ ಕಾಡಿದು. ಬಸ್ಸಿನ ಕಿಟಕಿಯಿಂದ ಕಾಣುವುದು ಬರೀ ಹಸಿರು. ಹಳ್ಳದಗುಂಟ ಒಳಗೆ ನಡೆದರೆ ವರ್ಷವಿಡೀ ನೀರು ಒಸರುವ ಜೌಗು ನೆಲ ಸಿಗುತ್ತದೆ. ಊರವರು ಇದನ್ನು ರಾಮಪತ್ರೆ ಜಡ್ಡಿ ಎನ್ನುತ್ತಾರೆ.

ಈ ಜಡ್ಡಿಯ ಯಜಮಾನರು ಜಾಯಿಕಾಯಿ ಕುಟುಂಬದ ಎರಡು ಮರಗಳು: ಮಿರಿಸ್ಟಿಕಾ ಮ್ಯಾಗ್ನಿಫಿಕಾ ಮತ್ತು ಜಿಮ್ನಾಕ್ರಾಂತೆರಾ ಕನಾರಿಕಾ. ತೊಗಟೆ ಗೀರಿದರೆ ಎರಡರಲ್ಲೂ ಕೆಂಪು ರಸ ಜಿನುಗುತ್ತದೆ. ಎಲೆ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮೊದಲನೆಯದರ ಎಲೆ ಮೊಳದುದ್ದದವರೆಗೂ ಬೆಳೆದೀತು, ಎರಡನೆಯದರದು ಗೇಣಿನಷ್ಟು. ಬೇರಿನಲ್ಲಂತೂ ಗೊಂದಲವೇ ಇಲ್ಲ. ಮ್ಯಾಗ್ನಿಫಿಕಾದ ಬೇರುಗಳು ಕಾಂಡದ ಮೇಲಿಂದಲೇ ಹೊರಟು ಸುತ್ತಲೂ ಕೆಸರಿಗೆ ಊರಿಕೊಂಡಿರುತ್ತವೆ. ಕನಾರಿಕಾದವು ಮಡಚಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದು ಮತ್ತೆ ಒಳಗಿಳಿಯುತ್ತವೆ. ನೀರು ತುಂಬಿದ ಮಣ್ಣಿನಲ್ಲಿ ಗಾಳಿಯಿಲ್ಲ. ಉಸಿರಾಡಲು ಎರಡೂ ಕಂಡುಕೊಂಡ ಬೇರೆಬೇರೆ ಉಪಾಯಗಳಿವು.

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 1998ರಲ್ಲಿ ಮ್ಯಾಗ್ನಿಫಿಕಾವನ್ನು ‘ಅಪಾಯದಂಚಿನ’ ಪ್ರಭೇದವೆಂದೂ, ಕನಾರಿಕಾವನ್ನು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ‘ದುರ್ಬಲ’ ಪ್ರಭೇದವೆಂದೂ ಗುರುತಿಸಿತು. ಕನಾರಿಕಾ ಹಳ್ಳದ ದಂಡೆಯಲ್ಲೂ ಹೇಗೋ ನಿಲ್ಲುತ್ತದೆ, ಮ್ಯಾಗ್ನಿಫಿಕಾಕ್ಕೆ ಮಾತ್ರ ಜಡ್ಡಿಯೇ ಬೇಕು. ಆದರೆ ಕಣಿವೆಯ ತಳದ ಇಂಥ ತಂಪು ನೆಲ ಅಡಿಕೆ ತೋಟಕ್ಕೂ ಗದ್ದೆಗೂ ಹೇಳಿ ಮಾಡಿಸಿದ್ದು. ಪಶ್ಚಿಮಘಟ್ಟದ ಎಷ್ಟೋ ಜಡ್ಡಿಗಳು ಹೀಗೆಯೇ ಮಾಯವಾದವು. ಉಳಿದ ಕಡೆಯೂ ಹಳ್ಳದ ನೀರನ್ನು ಮೇಲ್ಗಡೆಯೇ ತಿರುಗಿಸಿಕೊಂಡರೆ ಕೊಡಲಿ ಬೇಕಾಗಿಲ್ಲ, ಜಡ್ಡಿ ತಾನಾಗಿ ಒಣಗುತ್ತದೆ. ಮಂಗಟ್ಟೆ ಹಕ್ಕಿಗಳು ಬೀಜ ಸುತ್ತಿದ ಪತ್ರೆಯ ಆಸೆಗೆ ನುಂಗಿ ಬೀಜ ಹರಡುತ್ತವೆ, ನಿಜ. ಆದರೆ ಜಡ್ಡಿಯ ತೇವವಿಲ್ಲದೆ ಒಣಗಿದರೆ ಈ ಬೀಜಗಳ ಮೊಳೆಯುವ ಶಕ್ತಿಯೇ ಹೋಗುತ್ತದೆ.

ಕತ್ತಲೆಕಾನಿನ ಇದೇ ಜಡ್ಡಿಯಲ್ಲಿ ಸಿಕ್ಕ ಹೊಸ ಗೇರು ಜಾತಿಯ ಮರಕ್ಕೆ 2000ದಲ್ಲಿ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಊರಿನ ಹೆಸರನ್ನೇ ಇಟ್ಟರು. 2011ರಲ್ಲಿ ಘೋಷಣೆಯಾದ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲಿಗೆ ಈ ಕಾಡೂ ಸೇರಿತು.

ನೋಡಲು ಹೋಗುವವರು ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ. ಬೇರು, ಸಸಿ ತುಳಿಯಬೇಡಿ, ಬೀಜ ಆಯಬೇಡಿ. ಸಸಿ ನೆಟ್ಟು ಫೋಟೊ ತೆಗೆಸಿಕೊಂಡರೆ ಈ ಮರಗಳು ಉಳಿಯುವುದಿಲ್ಲ. ಹಳ್ಳದ ನೀರನ್ನು ಹಳ್ಳಕ್ಕೇ ಬಿಟ್ಟರೆ ಉಳಿಯುತ್ತವೆ.